ನೆಟ್‌ವರ್ಕ್ ಸಿಗದ ಹೊಲ, ತೋಟ, ಗುಡ್ಡಗಳಿಗೆ ವಾಕಿಟಾಕಿ: ಕೊಳ್ಳುವ ಮುನ್ನ ಮತ್ತು ಕೊಂಡ ಮೇಲೆ

ಜಗಳೂರು, ಮೊಳಕಾಲ್ಮುರು, ಹೊಸದುರ್ಗ, ಚನ್ನಗಿರಿ ಕಡೆಯ ಓದುಗರು ಕೇಳುವ ಪ್ರಶ್ನೆ ಹೆಚ್ಚು ಕಡಿಮೆ ಒಂದೇ: "ತೋಟದಲ್ಲಿ ಮೊಬೈಲ್ ಸಿಗುವುದಿಲ್ಲ. ಯಾವ ಕಂಪನಿಯ ವಾಕಿಟಾಕಿ ತೆಗೆದುಕೊಳ್ಳಲಿ?" ಕಂಪನಿಯ ಪ್ರಶ್ನೆ ಕೊನೆಯದು. ಅದಕ್ಕೆ ಮೊದಲು ನಿಮ್ಮ ಜಮೀನು ಹೇಗಿದೆ, ಕಾನೂನು ಯಾವುದನ್ನು ಒಪ್ಪುತ್ತದೆ, ಅರ್ಧ ವ್ಯಾಟಿನ ಸೆಟ್ ನಿಜಕ್ಕೂ ಎಷ್ಟು ದೂರ ಹೋಗುತ್ತದೆ ಎನ್ನುವುದು ಇತ್ಯರ್ಥವಾಗಬೇಕು. ಇವು ಇತ್ಯರ್ಥವಾದರೆ ಅಂಗಡಿಯಲ್ಲಿ ಆರಿಸಲು ಉಳಿಯುವುದು ಎರಡೋ ಮೂರೋ ಮಾದರಿ ಮಾತ್ರ.

ರಾತ್ರಿ ಪಾಳಿಯ ತ್ರೀಫೇಸ್ ಕರೆಂಟಿಗೆ ಕಾದು ಪಂಪ್‌ಸೆಟ್ ಚಾಲೂ ಮಾಡಲು ಹೋಗುವವರು, ಕುರಿ ಹೊಡೆದುಕೊಂಡು ದಿನವಿಡೀ ಕಾವಲಿನಲ್ಲಿರುವವರು, ಅಡಿಕೆ ಕೊಯ್ಲಿನ ತಂಡದವರು, ಜಾತ್ರೆಯಲ್ಲಿ ಜನರನ್ನು ಸಂಭಾಳಿಸುವ ಸ್ವಯಂಸೇವಕರು, ಇವರನ್ನು ಮನಸ್ಸಿನಲ್ಲಿಟ್ಟುಕೊಂಡು ಮುಂದಿನದನ್ನು ಬರೆದಿದ್ದೇನೆ. ನಾಯಕನಹಟ್ಟಿ ತೇರಿನ ದಿನ ಟವರ್ ಎದುರಿಗೇ ಇದ್ದರೂ ಕರೆ ಹೋಗದಿರುವುದು ಉಂಟು. ಹಾಗಾಗಿ ನೆಟ್‌ವರ್ಕ್ ಇಲ್ಲದ ಊರು ಎಂದರೆ ಕಾಡಂಚಿನ ಊರೇ ಆಗಬೇಕೆಂದಿಲ್ಲ.

1. ಮೊದಲು ಒಂದು ನಕ್ಷೆ ಬರೆಯಿರಿ

ಒಂದು ಹಾಳೆಯಲ್ಲಿ ಮನೆ, ಕೊಳವೆಬಾವಿ, ಹೊಲದ ನಾಲ್ಕು ಮೂಲೆ, ದನದ ಕೊಟ್ಟಿಗೆ, ಮೇವಿನ ಜಾಗ ಎಲ್ಲವನ್ನೂ ಗುರುತಿಸಿ. ಯಾರು ಯಾರೊಡನೆ ಮಾತನಾಡಬೇಕು ಎಂಬುದಕ್ಕೆ ಗೆರೆ ಎಳೆಯಿರಿ. ನಿಮಗೆ ಬೇಕಾದದ್ದು ಅತಿ ಉದ್ದದ ಗೆರೆ.

ಈ ದೂರವನ್ನು ಬೈಕಿನ ಮೀಟರಿನಲ್ಲಿ ಅಳೆಯಬೇಡಿ. ಗಾಡಿದಾರಿಯಲ್ಲಿ 4 ಕಿಲೋಮೀಟರ್ ಆಗುವುದು ನೇರವಾಗಿ ಎರಡೂವರೆ ಇರಬಹುದು, ರೇಡಿಯೊ ಅಲೆ ನೇರವಾಗಿಯೇ ಹೋಗುತ್ತದೆ. ಮೊಬೈಲಿನ ಉಪಗ್ರಹ ನಕ್ಷೆಯಲ್ಲಿ ದೂರ ಅಳೆಯುವ ಸೌಲಭ್ಯವಿದೆ, ನೆಟ್‌ವರ್ಕ್ ಇರುವಲ್ಲಿ ಕುಳಿತು ಅಳೆದುಕೊಳ್ಳಿ.

ಆ ಗೆರೆಯ ನಡುವೆ ಏನಿದೆ ಎಂದು ಪಕ್ಕದಲ್ಲಿ ಬರೆಯಿರಿ: ಬಯಲೋ, ಮೆಕ್ಕೆಜೋಳವೋ, ಅಡಿಕೆಯೋ, ಬಂಡೆಗುಡ್ಡವೋ, ಕೆರೆ ಏರಿಯೋ. ಎತ್ತರದ ಜಾಗಗಳನ್ನು ಬೇರೆ ಬಣ್ಣದಲ್ಲಿ ಗುರುತಿಸಿ. ಮನೆಯ ತಾರಸಿ, ನೀರಿನ ಟ್ಯಾಂಕ್, ಗುಡ್ಡದ ನೆತ್ತಿ, ಏರಿ ಎಲ್ಲವೂ ಲೆಕ್ಕಕ್ಕೆ ಬರುತ್ತವೆ. ಮೊಬೈಲಿಗೆ ಒಂದು ಕಡ್ಡಿಯಾದರೂ ಸಿಗ್ನಲ್ ಬರುವ ತಾಣವನ್ನು ಮರೆಯದೆ ಗುರುತಿಸಿ. ಅಪಾಯದ ಹೊತ್ತಿನಲ್ಲಿ 112ಕ್ಕೆ ಕರೆ ಮಾಡಲು ಓಡಬೇಕಾದ ಜಾಗ ಅದು. ವಾಕಿಟಾಕಿಯಿಂದ ಪೊಲೀಸರಿಗಾಗಲಿ ಆಂಬುಲೆನ್ಸಿಗಾಗಲಿ ಕರೆ ಹೋಗುವುದಿಲ್ಲ. ತುರ್ತು ಕರೆಗೆ ನಿಮ್ಮ ಸಿಮ್ಮಿನ ಕಂಪನಿಯ ಸಿಗ್ನಲ್ಲೇ ಇರಬೇಕೆಂದೂ ಇಲ್ಲ, ಬೇರೆ ಕಂಪನಿಯ ಸಿಗ್ನಲ್ ಸಿಕ್ಕರೆ ಫೋನ್ ಅದರ ಮೂಲಕವೇ 112ಕ್ಕೆ ಪ್ರಯತ್ನಿಸುತ್ತದೆ.

2. ವಾಕಿಟಾಕಿಯೇ ಬೇಕೇ ಎಂದು ಕೇಳಿಕೊಳ್ಳಿ

ಮನೆಗೆ ಫೈಬರ್ ಇಂಟರ್‌ನೆಟ್ ಬಂದಿದ್ದು ಮನೆಯೊಳಗೆ ಮಾತ್ರ ಮೊಬೈಲ್ ಸಿಗದಿದ್ದರೆ, ಫೋನಿನ ಸೆಟ್ಟಿಂಗ್‌ನಲ್ಲಿ ವೈಫೈ ಕಾಲಿಂಗ್ ಚಾಲೂ ಮಾಡಿದರೆ ಸಾಕು, ಕರೆಗಳು ವೈಫೈ ಮೂಲಕವೇ ಹೋಗುತ್ತವೆ. ತೋಟದ ಪಂಪ್‌ಹೌಸಿಗೂ ಮನೆಗೂ ನಡುವೆ ಕಣ್ಣಿಗೆ ಅಡ್ಡಿಯಿಲ್ಲದೆ ಒಂದೆರಡು ಕಿಲೋಮೀಟರ್ ಬಯಲಿದ್ದರೆ, ಎರಡು ತುದಿಗೆ ಹೊರಾಂಗಣ ವೈಫೈ ಪೆಟ್ಟಿಗೆಗಳನ್ನು ಎದುರುಬದುರಾಗಿ ಕಟ್ಟಿ ಇಂಟರ್‌ನೆಟ್ಟನ್ನೇ ತೋಟಕ್ಕೆ ಒಯ್ಯಬಹುದು. ಎರಡೂ ಕಡೆ ಕರೆಂಟ್ ಅಥವಾ ಸೋಲಾರ್ ಇರಬೇಕು. ಕ್ಯಾಮೆರಾ ಸಹ ಹಾಕುವ ಯೋಚನೆಯಿದ್ದವರಿಗೆ ಇದೇ ಒಳ್ಳೆಯದು. ಓಡಾಡುವ ಮನುಷ್ಯನೊಡನೆ ಮಾತನಾಡಬೇಕಾದವರಿಗೆ ಇದರಿಂದ ಪ್ರಯೋಜನವಿಲ್ಲ.

ಈ ಹಂತದಲ್ಲಿ ಜನ ಮೋಸಹೋಗುವ ಎರಡು ವಸ್ತುಗಳಿವೆ.

ಒಂದು, ಸಿಮ್ ಹಾಕುವ ವಾಕಿಟಾಕಿ. "ದೇಶದ ಯಾವ ಮೂಲೆಗಾದರೂ ಮಾತನಾಡಿ, 5000 ಕಿಲೋಮೀಟರ್" ಎಂದು ಜಾಹೀರಾತು ಹೇಳುತ್ತದೆ. ನೋಡಲು ವಾಕಿಟಾಕಿಯಂತೆಯೇ ಇರುತ್ತದೆ, ಒಳಗೆ ಇರುವುದು ಮೊಬೈಲ್. ಟವರ್ ಸಿಗದ ಕಡೆ ಅದು ಒಂದು ಮಾರು ದೂರಕ್ಕೂ ಮಾತನಾಡದು. ನೆಟ್‌ವರ್ಕ್ ಇಲ್ಲವೆಂದೇ ವಾಕಿಟಾಕಿ ಹುಡುಕುವವರಿಗೆ ಇದನ್ನು ಮಾರುವವರ ಧೈರ್ಯವನ್ನು ಮೆಚ್ಚಬೇಕು.

ಇನ್ನೊಂದು, ಮೊಬೈಲ್ ಸಿಗ್ನಲ್ ಬೂಸ್ಟರ್. ಖಾಸಗಿಯಾಗಿ ಕೊಂಡು ತಾರಸಿಗೆ ಹಾಕಿಕೊಳ್ಳುವುದು ಕಾನೂನುಬಾಹಿರ. ಅದು ಅಕ್ಕಪಕ್ಕದವರ ಸಿಗ್ನಲ್ಲನ್ನೂ ಕೆಡಿಸುತ್ತದೆ.

ಉಪಗ್ರಹ ಫೋನಿನ ಬಗ್ಗೆಯೂ ಕೇಳುವವರಿದ್ದಾರೆ. ಸರ್ಕಾರದ ಅನುಮತಿಯಿಲ್ಲದೆ ಅದನ್ನು ಇಟ್ಟುಕೊಂಡರೆ ವಿಮಾನ ನಿಲ್ದಾಣದಲ್ಲೇ ಬಂಧನವಾಗಬಹುದು. ಅದನ್ನು ಮರೆತುಬಿಡಿ.

3. ಕಾನೂನು: 446 ಎಂಬ ಸಂಖ್ಯೆಯನ್ನು ನೆನಪಿಡಿ

ವಾಕಿಟಾಕಿ ಕೆಲಸ ಮಾಡುವುದು ಒಂದು ನಿಗದಿತ ಆವರ್ತನದಲ್ಲಿ. ಆವರ್ತನ ಎಂದರೆ ರೇಡಿಯೊ ಅಲೆ ಸೆಕೆಂಡಿಗೆ ಎಷ್ಟು ಬಾರಿ ಏರಿಳಿಯುತ್ತದೆ ಎಂಬ ಲೆಕ್ಕ, ಹತ್ತು ಲಕ್ಷ ಬಾರಿಗೆ ಒಂದು ಮೆಗಾಹರ್ಟ್ಸ್. ಪೊಲೀಸ್, ರೈಲ್ವೆ, ವಿಮಾನ, ಅಗ್ನಿಶಾಮಕ ಎಲ್ಲರಿಗೂ ಬೇರೆ ಬೇರೆ ಆವರ್ತನಗಳನ್ನು ಹಂಚಲಾಗಿದೆ. ಹಂಚುವುದು ಕೇಂದ್ರ ದೂರಸಂಪರ್ಕ ಇಲಾಖೆಯ ಡಬ್ಲ್ಯುಪಿಸಿ ಎಂಬ ವಿಭಾಗ.

ಸಾಮಾನ್ಯ ಜನ ಪರವಾನಗಿಯಿಲ್ಲದೆ ಬಳಸಲು 446.0ರಿಂದ 446.2 ಮೆಗಾಹರ್ಟ್ಸ್ ವರೆಗಿನ ಸಣ್ಣ ಪಟ್ಟಿಯನ್ನು ಬಿಟ್ಟುಕೊಡಲಾಗಿದೆ. ಕಡಿಮೆ ಶಕ್ತಿಯ ಉಪಕರಣಗಳಿಗೆ ವಿನಾಯಿತಿ ಕೊಡುವ 2018ರ ನಿಯಮಗಳಲ್ಲಿ ಇದು ಬರುತ್ತದೆ. ಈ ಪಟ್ಟಿಗೆಂದು ತಯಾರಾಗುವ ಸೆಟ್‌ಗಳನ್ನು ಪಿಎಂಆರ್ 446 ಎನ್ನುತ್ತಾರೆ. ಅವುಗಳ ಶಕ್ತಿ ಅರ್ಧ ವ್ಯಾಟ್, ಆಂಟೆನಾ ಬಿಚ್ಚಲು ಬರುವುದಿಲ್ಲ. ನಿಮಗೆ ಪರವಾನಗಿ ಬೇಡವೆಂದ ಮಾತ್ರಕ್ಕೆ ಸೆಟ್‌ಗೆ ಯಾವ ಕಾಗದವೂ ಬೇಡ ಎಂದಲ್ಲ. ಆ ಮಾದರಿಗೆ ಇಟಿಎ ಪ್ರಮಾಣಪತ್ರ ಇರಲೇಬೇಕು. ಈ ಮಾದರಿಯ ಉಪಕರಣ ನಿಯಮದೊಳಗೆ ಕೆಲಸ ಮಾಡುತ್ತದೆ ಎಂದು ಡಬ್ಲ್ಯುಪಿಸಿ ಕೊಡುವ ಒಪ್ಪಿಗೆ ಅದು. ಅದನ್ನು ಪಡೆಯುವ ಹೊಣೆ ತಯಾರಕ ಅಥವಾ ಆಮದುದಾರನದು, ಇದೆಯೇ ಎಂದು ಕೇಳುವ ಕೆಲಸ ನಿಮ್ಮದು.

ನಿಯಮ ತಪ್ಪುವುದು ಸಾಮಾನ್ಯವಾಗಿ ಮೂರು ದಾರಿಯಲ್ಲಿ. ಮೊದಲನೆಯದು 5 ವ್ಯಾಟಿನ ಚೀನಾ ಸೆಟ್. 136ರಿಂದ 174 ಮತ್ತು 400ರಿಂದ 520 ಮೆಗಾಹರ್ಟ್ಸ್ ವರೆಗೆ ಎಲ್ಲಿ ಬೇಕಾದರೂ ತಿರುಗಿಸಬಹುದು, ಬೆಲೆಯೂ ಕಡಿಮೆ. ಅದರಲ್ಲಿ 446ಕ್ಕೇ ಇಟ್ಟುಕೊಂಡು ಮಾತನಾಡುತ್ತೇನೆ ಎಂಬ ವಾದ ನಡೆಯುವುದಿಲ್ಲ, ಶಕ್ತಿ ಮಿತಿ ಮೀರಿದೆ, ಉಪಕರಣವೇ ವಿನಾಯಿತಿಯೊಳಗೆ ಬರುವುದಿಲ್ಲ. ಎರಡನೆಯದು ಅಮೆರಿಕದಿಂದ ಬಂದ ಮಗನೋ ಅಳಿಯನೋ ತಂದುಕೊಟ್ಟ ಜೋಡಿ. ಅಲ್ಲಿ ಕಾನೂನುಬದ್ಧವಾದ ಆ ಸೆಟ್‌ಗಳು 462 ಮತ್ತು 467 ಮೆಗಾಹರ್ಟ್ಸ್‌ನಲ್ಲಿ ಕೆಲಸ ಮಾಡುತ್ತವೆ, ಇಲ್ಲಿ ಆ ಜಾಗ ಬೇರೆಯವರದು. ಯುರೋಪಿನಿಂದ ತಂದದ್ದು 446ರದ್ದೇ ಇರುತ್ತದೆಯಾದರೂ ಇಟಿಎ ಪ್ರಶ್ನೆ ಉಳಿಯುತ್ತದೆ. ಮೂರನೆಯದು, ಹೊಸದುರ್ಗ, ಹಿರಿಯೂರು ಕಡೆಯ ಗಾಳಿಯಂತ್ರದ ಸಿಬ್ಬಂದಿಯ ಅಥವಾ ಯಾವುದೋ ಕಾರ್ಖಾನೆಯ ಕಾವಲುಗಾರರ ಸೊಂಟದಲ್ಲಿರುವ ಸೆಟ್ ನೋಡಿ ಅದೇ ಬೇಕೆನ್ನುವುದು. ಅಂಥ ಸೆಟ್‌ಗಳನ್ನು ಸಂಸ್ಥೆ ಪರವಾನಗಿ ಪಡೆದು, ವರ್ಷಾವರ್ಷ ಶುಲ್ಕ ಕಟ್ಟಿ ಬಳಸಬೇಕಾಗುತ್ತದೆ. ನೀವು ನೋಡಿದ ಸೆಟ್ಟಿಗೆ ಪರವಾನಗಿ ಇದ್ದರೂ ಅದು ಅವರದು, ನಿಮ್ಮದಲ್ಲ.

2025ರ ಮೇ ತಿಂಗಳಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು ಅಕ್ರಮ ವಾಕಿಟಾಕಿಗಳನ್ನು ಮಾರುತ್ತಿದ್ದ ಆನ್‌ಲೈನ್ ತಾಣಗಳಿಗೆ ನೋಟಿಸ್ ಕೊಟ್ಟು, ಅದೇ ತಿಂಗಳು ಮಾರಾಟಕ್ಕೆ ಮಾರ್ಗಸೂಚಿ ಹೊರಡಿಸಿತು. ಹಾಗಾಗಿ "ಆನ್‌ಲೈನ್‌ನಲ್ಲಿ ಸಿಗುತ್ತದೆ, ಅಂದ ಮೇಲೆ ಸರಿಯೇ ಇರಬೇಕು" ಎನ್ನುವಂತಿಲ್ಲ. ಚಳ್ಳಕೆರೆ ತಾಲ್ಲೂಕಿನವರು ಇನ್ನಷ್ಟು ಎಚ್ಚರದಿಂದಿರಬೇಕು. ವರವು ಕಾವಲಿನಲ್ಲಿ ರಕ್ಷಣಾ ಸಂಶೋಧನಾ ಸಂಸ್ಥೆ ಡಿಆರ್‌ಡಿಒದ ಪರೀಕ್ಷಾ ವಲಯವಿದೆ, ಅಲ್ಲಿ ಮಾನವರಹಿತ ವಿಮಾನಗಳು ರೇಡಿಯೊ ಅಲೆಗಳ ನಿಯಂತ್ರಣದಲ್ಲೇ ಹಾರುತ್ತವೆ. ಅಂಥ ಕಡೆ ಗೊತ್ತುಗುರಿಯಿಲ್ಲದ 5 ವ್ಯಾಟಿನ ಸೆಟ್ ಹಿಡಿದು ಓಡಾಡುವುದು ತಮಾಷೆಯ ಮಾತಲ್ಲ.

ಪರವಾನಗಿಯಿಲ್ಲದೆ ಬಳಸಬಹುದಾದ ಇನ್ನೊಂದು ಪಟ್ಟಿ 27 ಮೆಗಾಹರ್ಟ್ಸ್ ಸುತ್ತ ಇದೆ, 5 ವ್ಯಾಟ್ ವರೆಗೆ ಅವಕಾಶವೂ ಇದೆ. ಆದರೆ ಅಲ್ಲಿ ಅಲೆಯ ಉದ್ದ ಸುಮಾರು 11 ಮೀಟರ್, ಕೈಯಲ್ಲಿ ಹಿಡಿಯುವ ಗಿಡ್ಡ ಆಂಟೆನಾ ಅದಕ್ಕೆ ಸಾಲದು, ಗದ್ದಲವೂ ಹೆಚ್ಚು. ಹೊಲದ ಕೆಲಸಕ್ಕೆ ನಾನು ಅದನ್ನು ಹೇಳುವುದಿಲ್ಲ.

4. ದೂರದ ಲೆಕ್ಕ: ವ್ಯಾಟಿಗಿಂತ ಎತ್ತರ ದೊಡ್ಡದು

ಡಬ್ಬಿಯ ಮೇಲೆ 8 ಕಿಲೋಮೀಟರ್, 10 ಕಿಲೋಮೀಟರ್ ಎಂದು ಬರೆದಿರುತ್ತದೆ. ಒಂದು ಗುಡ್ಡದ ನೆತ್ತಿಯಿಂದ ಇನ್ನೊಂದು ಗುಡ್ಡದ ನೆತ್ತಿಗೆ, ನಡುವೆ ಏನೂ ಇಲ್ಲದಿದ್ದರೆ ಅದು ನಿಜ. ನೀವು ನಿಂತು ಮಾತನಾಡುವುದು ಗುಡ್ಡದ ನೆತ್ತಿಯಲ್ಲಲ್ಲ.

446 ಮೆಗಾಹರ್ಟ್ಸ್‌ನ ಅಲೆ ಸುಮಾರು 67 ಸೆಂಟಿಮೀಟರ್ ಉದ್ದದ್ದು. ಇಷ್ಟು ಗಿಡ್ಡ ಅಲೆ ಗುಡ್ಡವನ್ನು ಬಳಸಿಕೊಂಡು ಹೋಗದು, ಬಂಡೆಯೊಳಗೆ ತೂರದು, ಹಸಿ ಎಲೆಯಲ್ಲಿ ಹೀರಿಹೋಗುತ್ತದೆ. ಅರ್ಧ ವ್ಯಾಟಿನ ಸೆಟ್ಟಿಗೆ ನಮ್ಮ ಚಿತ್ರದುರ್ಗ, ದಾವಣಗೆರೆ ಜಿಲ್ಲೆಗಳ ನೆಲದಲ್ಲಿ ಈ ಅಂದಾಜು ಇಟ್ಟುಕೊಳ್ಳಿ. ಚಳ್ಳಕೆರೆ, ಮೊಳಕಾಲ್ಮುರಿನ ಶೇಂಗಾ ಹೊಲ, ಈರುಳ್ಳಿ ಹೊಲ, ಬೀಳುಬಿದ್ದ ಕಾವಲುಗಳಲ್ಲಿ ಒಂದರಿಂದ ಎರಡು ಕಿಲೋಮೀಟರ್. ದಾವಣಗೆರೆ, ಜಗಳೂರು ಕಡೆಯ ಆಳೆತ್ತರ ಬೆಳೆದ ಮೆಕ್ಕೆಜೋಳದೊಳಗೆ ಅದರ ಅರ್ಧ. ಚನ್ನಗಿರಿ, ಹೊಳಲ್ಕೆರೆಯ ದಟ್ಟ ಅಡಿಕೆ ತೋಟದಲ್ಲಿ 300ರಿಂದ 600 ಮೀಟರ್, ಮಳೆ ನಿಂತ ಮೇಲೆ ಎಲೆ ತೊಟ್ಟಿಕ್ಕುವಾಗ ಇನ್ನೂ ಕಡಿಮೆ. ಚಿತ್ರದುರ್ಗದ ಸುತ್ತಲಿನ ಬಂಡೆಗುಡ್ಡಗಳ ಈ ಬದಿಯಿಂದ ಆ ಬದಿಗೆ ಸೊನ್ನೆ ಎಂದೇ ತಿಳಿಯಿರಿ. ಅದೇ ಗುಡ್ಡದ ಮೇಲೆ ಹತ್ತಿ ನಿಂತವನಿಗೆ ಎರಡೂ ಬದಿಯ ಬಯಲು 5 ಕಿಲೋಮೀಟರಿಗೂ ಮೀರಿ ಕೇಳಿಸಬಹುದು.

"ಹಾಗಾದರೆ ಹೆಚ್ಚು ವ್ಯಾಟ್ ಬೇಕಲ್ಲವೇ?" ಎಂಬ ಪ್ರಶ್ನೆ ಇಲ್ಲೇ ಬರುತ್ತದೆ. ಲೆಕ್ಕ ನೋಡಿ. ಸಮತಟ್ಟಾದ ನೆಲದ ಮೇಲೆ, ಆಳೆತ್ತರದಲ್ಲಿ ಹಿಡಿದ ಎರಡು ಸೆಟ್‌ಗಳ ನಡುವೆ ದೂರ ಇಮ್ಮಡಿಯಾದರೆ ತಲುಪುವ ಸಿಗ್ನಲ್ ಹದಿನಾರನೆಯ ಒಂದು ಪಾಲಿಗೆ ಇಳಿಯುತ್ತದೆ. ನೇರವಾಗಿ ಬರುವ ಅಲೆ ಮತ್ತು ನೆಲಕ್ಕೆ ಬಡಿದು ಬರುವ ಅಲೆ ಒಂದನ್ನೊಂದು ಕಡಿದುಹಾಕುವುದು ಇದಕ್ಕೆ ಕಾರಣ. ಅರ್ಧ ವ್ಯಾಟಿನಿಂದ 5 ವ್ಯಾಟಿಗೆ ಹೋದರೆ ಶಕ್ತಿ ಹತ್ತು ಪಟ್ಟು ಹೆಚ್ಚುತ್ತದೆ, ದೂರ ಎರಡು ಪಟ್ಟೂ ಹೆಚ್ಚುವುದಿಲ್ಲ. ಬ್ಯಾಟರಿ ಬೇಗ ಖಾಲಿಯಾಗುತ್ತದೆ, ಅಪರಾಧವಂತೂ ಆಗಿಯೇ ಇದೆ.

ಈಗ ಎತ್ತರದ ಲೆಕ್ಕ. ಒಂದು ಸೆಟ್ಟಿನ ಎತ್ತರ ಇಮ್ಮಡಿಯಾದರೆ ಸಿಗ್ನಲ್ ನಾಲ್ಕು ಪಟ್ಟಾಗುತ್ತದೆ. ಹೊಲದಲ್ಲಿ ಒಂದೂವರೆ ಮೀಟರ್ ಎತ್ತರದಲ್ಲಿ ಹಿಡಿದದ್ದನ್ನು ತಾರಸಿ ಹತ್ತಿ 6 ಮೀಟರಿನಲ್ಲಿ ಹಿಡಿದರೆ ಎತ್ತರ ನಾಲ್ಕು ಪಟ್ಟು, ಸಿಗ್ನಲ್ ಹದಿನಾರು ಪಟ್ಟು, ದೂರ ಇಮ್ಮಡಿ. ಒಂದು ಪೈಸೆ ಖರ್ಚಿಲ್ಲ. ಮೆಕ್ಕೆಜೋಳದ ವಿಷಯದಲ್ಲಂತೂ ಇದು ಕಣ್ಣಿಗೆ ಕಾಣುವ ಸತ್ಯ: ಎರಡು ಮೀಟರ್ ಮೀರಿದ ಬೆಳೆಯ ನಡುವೆ ನಿಂತರೆ ಆಂಟೆನಾ ಬೆಳೆಯಲ್ಲಿ ಹೂತುಹೋಗಿರುತ್ತದೆ, ಬದುವಿಗೆ ಬಂದು ಟ್ರ್ಯಾಕ್ಟರ್ ಮೇಲೆ ಹತ್ತಿದರೆ ಅದೇ ಸೆಟ್ ಮಾತನಾಡತೊಡಗುತ್ತದೆ.

ಹಾಗಾಗಿ ನಿಮ್ಮ ನಕ್ಷೆಯಲ್ಲಿ ಬಯಲಿನ ಗೆರೆ ಒಂದೂವರೆ ಕಿಲೋಮೀಟರಿನೊಳಗೆ ಇದ್ದು ಒಂದು ತುದಿಯಲ್ಲಾದರೂ ಎತ್ತರವಿದ್ದರೆ 446ರ ಸೆಟ್ ಧಾರಾಳವಾಗಿ ಸಾಕು. ಮೂರು ಕಿಲೋಮೀಟರ್ ವರೆಗಿದ್ದರೆ ನಡುವೆ ಒಬ್ಬ ಸುದ್ದಿ ದಾಟಿಸುವವನನ್ನು ಇಟ್ಟುಕೊಳ್ಳಬೇಕು. ನಡುವಿನ ತೋಟದ ಮನೆಯವರ ಬಳಿ ಮೂರನೆಯ ಸೆಟ್ ಇರಲಿ, ಈ ಕಡೆಯ ಮಾತನ್ನು ಆ ಕಡೆಗೆ ಅವರು ಹೇಳಲಿ. ಯಂತ್ರವೇ ಹೀಗೆ ದಾಟಿಸುವುದಕ್ಕೆ ರಿಪೀಟರ್ ಎನ್ನುತ್ತಾರೆ, ಅದಕ್ಕೆ ಪರವಾನಗಿ ಬೇಕು.

ಅದಕ್ಕೂ ದೂರವಿದ್ದರೆ? ಸಹಕಾರ ಸಂಘವೋ ಕಲ್ಲುಕ್ವಾರಿಯೋ ಕಾರ್ಖಾನೆಯೋ ಆಗಿದ್ದರೆ ದೂರಸಂಪರ್ಕ ಇಲಾಖೆಯ ಸರಳ ಸಂಚಾರ್ ಜಾಲತಾಣದಲ್ಲಿ ಅರ್ಜಿ ಹಾಕಿ ಸ್ವಂತ ಬಳಕೆಯ ಪರವಾನಗಿ ಪಡೆಯಬಹುದು. ಒಬ್ಬ ರೈತನಿಗೆ ಅದರ ಓಡಾಟ, ಶುಲ್ಕ ಎರಡೂ ಗಿಟ್ಟುವುದಿಲ್ಲ. ಹ್ಯಾಮ್ ರೇಡಿಯೊ, ಅಂದರೆ ಹವ್ಯಾಸಿಗಳ ರೇಡಿಯೊ ಪರವಾನಗಿಗೆ 12 ವರ್ಷ ತುಂಬಿದ ಯಾರಾದರೂ ಪರೀಕ್ಷೆ ಬರೆಯಬಹುದು, ಕೆಳದರ್ಜೆಯ ಪರವಾನಗಿಗೆ ಮೋರ್ಸ್ ಸಂಕೇತ ಕಲಿಯುವ ಅಗತ್ಯವೂ ಇಲ್ಲ. ಆದರೆ ಎರಡೂ ತುದಿಯವರು ಪರೀಕ್ಷೆ ಪಾಸಾಗಿರಬೇಕು, ವ್ಯಾಪಾರ ವ್ಯವಹಾರಕ್ಕೆ ಬಳಸುವಂತಿಲ್ಲ. ಅಡಿಕೆ ರೇಟು ಕೇಳಲು ಅದು ದಾರಿಯಲ್ಲ. ಊರಿನ ಕಾಲೇಜು ಹುಡುಗರು ಆಸಕ್ತಿಯಿಂದ ಮಾಡಿಕೊಂಡರೆ ನೆರೆ, ಬಿರುಗಾಳಿಯ ಹೊತ್ತಿಗೆ ಇಡೀ ಹೋಬಳಿಗೆ ಅನುಕೂಲ.

5. ಸೆಟ್ ಆರಿಸುವಾಗ ನೋಡಬೇಕಾದದ್ದು

446ರ ಸೆಟ್‌ಗಳೆಲ್ಲ ಶಕ್ತಿಯಲ್ಲಿ ಒಂದೇ. "ನಮ್ಮದು ಅವರದ್ದಕ್ಕಿಂತ ದೂರ ಹೋಗುತ್ತದೆ" ಎಂಬುದಕ್ಕೆ ಬೆಲೆ ಕೊಡಬೇಡಿ. ವ್ಯತ್ಯಾಸ ಇರುವುದು ಬೇರೆ ಕಡೆ.

ನಾನು ಮೊದಲು ನೋಡುವುದು ಬ್ಯಾಟರಿಯನ್ನು. ಒಳಗೇ ಕೂಡಿಸಿದ ಲಿಥಿಯಂ ಬ್ಯಾಟರಿಯಾದರೆ ಮೊಬೈಲಿನ ಟೈಪ್ ಸಿ ಚಾರ್ಜರಿನಲ್ಲೇ ಚಾರ್ಜ್ ಆಗುವಂತಿರಬೇಕು. ಆಗ ಕರೆಂಟ್ ಹೋದರೂ ಪವರ್‌ಬ್ಯಾಂಕಿನಿಂದ, ಟ್ರ್ಯಾಕ್ಟರಿನ ಚಾರ್ಜರಿನಿಂದ ನಡೆಯುತ್ತದೆ. ತಿಂಗಳುಗಟ್ಟಲೆ ಮನೆ ಬಿಟ್ಟಿರುವ ಕುರಿಗಾಹಿಗಳಿಗೆ ಬೇರೆ ಮಾತು: ಪೆನ್ಸಿಲ್ ಸೆಲ್ ಹಾಕುವ ಸೆಟ್ ಒಳ್ಳೆಯದು, ಸೆಲ್ ಯಾವ ಹಟ್ಟಿಯ ಪೆಟ್ಟಿಗೆ ಅಂಗಡಿಯಲ್ಲೂ ಸಿಗುತ್ತದೆ. ಡಬ್ಬಿಯ ಮೇಲೆ ಬರೆದ "16 ಗಂಟೆ" ಎಂಬುದಕ್ಕೆ ಒಂದು ಲೆಕ್ಕಾಚಾರವಿದೆ: ನೂರರಲ್ಲಿ 5 ಪಾಲು ಮಾತು, 5 ಪಾಲು ಕೇಳುವುದು, ಉಳಿದ 90 ಪಾಲು ಸುಮ್ಮನಿರುವುದು. ಕೊಯ್ಲಿನ ದಿನ ಹೀಗಿರುವುದಿಲ್ಲ, ಅರ್ಧ ದಿನ ಬಂದರೂ ಬಂತು.

ಎರಡನೆಯದು ಧೂಳು ಮತ್ತು ನೀರು. ಐಪಿ ಎಂಬ ಅಕ್ಷರಗಳ ಮುಂದೆ ಎರಡು ಅಂಕಿ ಇರುತ್ತವೆ. ಮೊದಲ ಅಂಕಿ ಧೂಳಿಗೆ, 6 ಎಂದರೆ ಧೂಳು ಒಳಗೆ ಹೋಗುವುದೇ ಇಲ್ಲ. ಎರಡನೆಯದು ನೀರಿಗೆ, 4 ಎಂದರೆ ಎರಚಿದ ನೀರು ತಡೆಯುತ್ತದೆ, 7 ಎಂದರೆ ಒಂದು ಮೀಟರ್ ನೀರಿನಲ್ಲಿ ಅರ್ಧ ಗಂಟೆ ಬಿದ್ದರೂ ಬದುಕುತ್ತದೆ. ಸಾಮಾನ್ಯ ಹೊಲಗೆಲಸಕ್ಕೆ ಐಪಿ54 ಸಾಕು. ಭದ್ರಾ ನಾಲೆಯ ಕೆಳಗಿನ ಗದ್ದೆಯವರು, ಔಷಧಿ ಹೊಡೆಯುವವರು ಐಪಿ67 ನೋಡಲಿ.

ಗುಂಡಿ ದೊಡ್ಡದಾಗಿರಬೇಕು, ಕತ್ತಲಲ್ಲಿ ಕೈಗೆ ತಾಗಬೇಕು. ಧ್ವನಿ ಜೋರಾಗಿರಬೇಕು, ಏಕೆಂದರೆ ಪಂಪ್‌ಸೆಟ್ ಪಕ್ಕದಲ್ಲಿ ನಿಂತವರಿಗೂ ಕಿವಿ ಮಂದವಾದ ಹಿರಿಯರಿಗೂ ಕೇಳಬೇಕು. ಗುಂಡಿಗಳನ್ನು ಲಾಕ್ ಮಾಡುವ ಸೌಲಭ್ಯ ಇರಲೇಬೇಕು, ಇಲ್ಲವಾದರೆ ಜೇಬಿನಲ್ಲಿ ಚಾನೆಲ್ ಬದಲಾಗಿ "ಸೆಟ್ ಕೆಟ್ಟಿದೆ" ಎಂಬ ದೂರು ಬರುತ್ತದೆ. ಟಾರ್ಚ್ ಇದ್ದರೆ ರಾತ್ರಿ ನೀರು ಕಟ್ಟುವವರಿಗೆ ಲಾಭ. ಮಾತನಾಡಿದ ಕೂಡಲೇ ತಾನೇ ಚಾಲೂ ಆಗುವ ವೊಕ್ಸ್ ಎಂಬ ಸೌಲಭ್ಯಕ್ಕೆ ಹಣ ಕೊಡಬೇಡಿ, ಗಾಳಿ ಬೀಸಿದರೂ ಟ್ರ್ಯಾಕ್ಟರ್ ಸದ್ದಾದರೂ ಅದು ಚಾಲೂ ಆಗಿ ಎಲ್ಲರ ಚಾನೆಲ್ ತುಂಬಿಬಿಡುತ್ತದೆ.

ಡಿಜಿಟಲ್ ಬೇಕೇ? ಧ್ವನಿ ಸ್ವಚ್ಛವಾಗಿರುತ್ತದೆ, ಆದರೆ ಮಿತಿ ದಾಟಿದ ಕೂಡಲೇ ಪೂರ್ತಿ ನಿಲ್ಲುತ್ತದೆ. ಸಾದಾ ಅನಲಾಗ್ ಸೆಟ್ ಗೊರಗೊರ ಎನ್ನುತ್ತಲೇ ಇನ್ನಷ್ಟು ದೂರ ಅರ್ಥವಾಗುವಂತೆ ಮಾತನಾಡುತ್ತದೆ. ಹೊಲಕ್ಕೆ ನನ್ನ ಮತ ಅನಲಾಗ್‌ಗೆ.

6. ಅಂಗಡಿಯಲ್ಲಿ, ಆನ್‌ಲೈನ್‌ನಲ್ಲಿ

ಮಾದರಿಯ ಪೂರ್ತಿ ಹೆಸರು, ಆವರ್ತನ 446.0ರಿಂದ 446.2ರೊಳಗೆ ಇದೆಯೇ, ಇಟಿಎ ಸಂಖ್ಯೆ ಏನು, ಈ ಮೂರನ್ನು ಕೇಳಿ. ಇಟಿಎ ಪತ್ರದಲ್ಲಿರುವ ಮಾದರಿಯ ಹೆಸರೂ ಸೆಟ್ಟಿನ ಹಿಂದಿರುವ ಹೆಸರೂ ಅಕ್ಷರಶಃ ಒಂದೇ ಆಗಿರಬೇಕು. "ಲೈಸೆನ್ಸ್ ಬೇಡ ಸಾರ್, ಎಲ್ಲರೂ ಬಳಸುತ್ತಾರೆ" ಎಂಬುದು ಉತ್ತರವಲ್ಲ. ಜಿಎಸ್‌ಟಿ ಬಿಲ್ಲಿನಲ್ಲಿ ಮಾದರಿಯ ಹೆಸರು ಬರೆಸಿಕೊಳ್ಳಿ. ಯಾರಾದರೂ ಪ್ರಶ್ನಿಸಿದರೆ ತೋರಿಸಲು ಬಿಲ್ಲು ಮತ್ತು ಇಟಿಎ ಪ್ರತಿಯ ಫೋಟೊ ಮೊಬೈಲಿನಲ್ಲಿರಲಿ.

ಒಂದೇ ಸಲಕ್ಕೆ ಹತ್ತು ಸೆಟ್ ಕೊಳ್ಳಬೇಡಿ. ಒಂದು ಜೋಡಿ ತಂದು ಪರೀಕ್ಷಿಸಿ, ವಾಪಸು ಕೊಡುವ ಗಡುವು ಎಷ್ಟೆಂದು ಮೊದಲೇ ತಿಳಿದುಕೊಂಡಿರಿ.

7. ಚಾನೆಲ್ ಮತ್ತು ಟೋನ್ ಹೊಂದಿಸುವುದು

446ರ ಪಟ್ಟಿಯಲ್ಲಿ 16 ಚಾನೆಲ್‌ಗಳಿವೆ, ಹಳೆಯ ಮಾದರಿಗಳಲ್ಲಿ 8 ಮಾತ್ರ. ಯಾರೂ ಮಾತನಾಡದ ಚಾನೆಲ್ ಹುಡುಕಿ, ಎರಡೂ ಸೆಟ್‌ಗಳನ್ನು ಅದಕ್ಕೇ ಇಡಿ. ದಾವಣಗೆರೆ ನಗರದ ಹತ್ತಿರದವರಿಗೆ ಮದುವೆ ಛತ್ರದವರೋ ಕಟ್ಟಡ ಕೆಲಸದವರೋ ಅಡ್ಡ ಬರಬಹುದು. ಹಳ್ಳಿಯಲ್ಲಿ ಹದಿನಾರೂ ಖಾಲಿ ಇರುವುದೇ ಹೆಚ್ಚು.

ಟೋನ್ ಎಂಬುದು ಮಾತಿನ ಜೊತೆ ಹೋಗುವ, ಕಿವಿಗೆ ಕೇಳದಷ್ಟು ಕೆಳದನಿಯ ಒಂದು ಗುರುತು. ಆ ಗುರುತು ಇರುವ ಕರೆಗೆ ಮಾತ್ರ ನಿಮ್ಮ ಸೆಟ್ ಬಾಯಿ ತೆರೆಯುತ್ತದೆ. ಇದರಿಂದ ಬೇರೆಯವರ ಮಾತು ನಿಮಗೆ ಕೇಳುವುದಿಲ್ಲ, ಅಷ್ಟೇ. ನಿಮ್ಮ ಮಾತು ಅವರಿಗೆ ಕೇಳದಿರಲು ಅದು ಏನನ್ನೂ ಮಾಡುವುದಿಲ್ಲ. ಕೆಲವು ತಯಾರಕರು ಇದನ್ನೇ "ಪ್ರೈವೆಸಿ ಕೋಡ್" ಎಂದು ಬರೆದು ಜನರನ್ನು ದಾರಿ ತಪ್ಪಿಸುತ್ತಾರೆ. ವಾಕಿಟಾಕಿಯಲ್ಲಿ ಆಡಿದ ಮಾತು ಊರ ಮುಂದಿನ ಕಟ್ಟೆಯ ಮೇಲೆ ಆಡಿದಂತೆ. ದುಡ್ಡಿನ ವಿಷಯ, ಮನೆಯಲ್ಲಿ ಯಾರೂ ಇಲ್ಲ ಎಂಬ ವಿಷಯ ಅದರಲ್ಲಿ ಬೇಡ.

ಎರಡು ಬೇರೆ ಕಂಪನಿಯ ಸೆಟ್‌ಗಳನ್ನು ಜೋಡಿಸುವಾಗ ಇನ್ನೊಂದು ತೊಡಕು. ಒಂದರ 12ನೇ ಟೋನ್ ಇನ್ನೊಂದರಲ್ಲೂ 12 ಆಗಿರಬೇಕೆಂದಿಲ್ಲ. ಕೈಪಿಡಿಯ ಕೋಷ್ಟಕದಲ್ಲಿ ಟೋನಿನ ಹರ್ಟ್ಸ್ ಸಂಖ್ಯೆ ಕೊಟ್ಟಿರುತ್ತದೆ, ಅದನ್ನು ನೋಡಿ ಹೊಂದಿಸಿ. ಹೊಂದದಿದ್ದರೆ ಟೋನನ್ನು ಸೊನ್ನೆಗೆ ಇಡಿ, ಆಗ ಯಾವ ಗುರುತೂ ಇಲ್ಲದೆ ಮಾತು ಹೋಗುತ್ತದೆ.

8. ನಡೆದು ನೋಡುವುದು

ಇದನ್ನು ಯಾರೂ ಮಾಡುವುದಿಲ್ಲ, ದೂರುಗಳಲ್ಲಿ ಬಹುಪಾಲು ಇದನ್ನು ಮಾಡದವರವು. ಒಬ್ಬರು ಮನೆಯಲ್ಲಿ ನಿಲ್ಲಲಿ, ಇನ್ನೊಬ್ಬರು ನಕ್ಷೆ ಹಿಡಿದು ಹೊರಡಲಿ. ಪ್ರತಿ ನೂರು ಹೆಜ್ಜೆಗೆ ನಿಂತು ಒಂದರಿಂದ ಐದರವರೆಗೆ ಎಣಿಸಿ ಹೇಳಲಿ. ಸ್ಪಷ್ಟ, ಗೊರಗೊರ, ಇಲ್ಲ ಎಂದು ಮೂರೇ ಗುರುತು ಸಾಕು, ನಕ್ಷೆಯಲ್ಲಿ ಹಾಕುತ್ತ ಹೋಗಿ. "ಇಲ್ಲ" ಬಂದ ಕಡೆ ಹತ್ತು ಹೆಜ್ಜೆ ಆಚೀಚೆ ಸರಿದು, ಬದುವಿನ ಮೇಲೆ ಹತ್ತಿ ಮತ್ತೊಮ್ಮೆ ನೋಡಿ. ಆ ಹತ್ತು ಹೆಜ್ಜೆಯಲ್ಲೇ ಮಾತು ಬರುವ ಜಾಗ ಸಿಗುವುದುಂಟು. ಸಿಕ್ಕರೆ ಅಲ್ಲೊಂದು ಕಲ್ಲು ನೆಟ್ಟು ಸುಣ್ಣ ಬಳಿಯಿರಿ, ಕೂಲಿಯವರಿಗೂ ತೋರಿಸಿ.

ಸೆಟ್ಟನ್ನು ಮುಖದ ಮಟ್ಟದಲ್ಲಿ, ಆಂಟೆನಾ ನೆಟ್ಟಗೆ ಮೇಲಕ್ಕಿರುವಂತೆ ಹಿಡಿಯಬೇಕು. ಇಬ್ಬರಲ್ಲಿ ಒಬ್ಬರು ಅಡ್ಡ ಹಿಡಿದರೂ ಸಿಗ್ನಲ್ ಬಹಳ ಕುಸಿಯುತ್ತದೆ. ಸೊಂಟಕ್ಕೆ ಸಿಕ್ಕಿಸಿಕೊಂಡರೆ ಮೈಯೇ ಅಡ್ಡಿ. ತಗಡಿನ ಶೆಡ್ಡಿನೊಳಗೆ, ಜೀಪಿನೊಳಗೆ ಕುಳಿತು ಮಾತನಾಡಿ ಕೇಳಿಸಲಿಲ್ಲ ಎನ್ನಬೇಡಿ, ಹೊರಗೆ ಬನ್ನಿ.

ಬೇಸಿಗೆಯಲ್ಲಿ ಪರೀಕ್ಷಿಸಿದ ನಕ್ಷೆ ಆಗಸ್ಟ್, ಸೆಪ್ಟೆಂಬರಿಗೆ ಹೊಂದುವುದಿಲ್ಲ. ಮೆಕ್ಕೆಜೋಳ ಸೂಲಂಗಿ ಒಡೆದ ಮೇಲೆ ಇನ್ನೊಮ್ಮೆ ನಡೆಯಿರಿ.

9. ಮಾತಿನ ರೂಢಿ

ಗುಂಡಿ ಒತ್ತಿ, ಒಂದು ಸೆಕೆಂಡ್ ಬಿಟ್ಟು ಮಾತು ಶುರುಮಾಡಿ. ಒತ್ತುತ್ತಲೇ ಮಾತನಾಡಿದರೆ ಮೊದಲ ಪದ ತುಂಡಾಗುತ್ತದೆ, "ಹಾಕಬೇಡ" ಎಂಬುದರ ಮೊದಲು ಹೇಳಿದ "ಮೋಟರ್" ಹಾರಿಹೋಗುತ್ತದೆ. ಮುಗಿಸುವಾಗಲೂ ಕೊನೆಯ ಪದ ಪೂರ್ತಿಯಾದ ಮೇಲೆ ಗುಂಡಿ ಬಿಡಿ. ಒಬ್ಬರು ಒತ್ತಿರುವಾಗ ಇನ್ನೊಬ್ಬರು ಮಾತನಾಡಲಾಗದು, ಆದ್ದರಿಂದ ಪ್ರತಿ ಸಲ "ಹೇಳಿ" ಎಂದು ಮುಗಿಸುವ ರೂಢಿ ಮಾಡಿಕೊಳ್ಳಿ. ಕರೆಂಟಿಗೆ, ಸ್ಟಾರ್ಟರಿಗೆ ಸಂಬಂಧಿಸಿದ ಮಾತನ್ನು ಕೇಳಿದವರು ತಿರುಗಿ ಹೇಳಲೇಬೇಕು: "ಮೋಟರ್ ಆಫ್ ಮಾಡಿದ್ದೇನೆ, ಫ್ಯೂಸ್ ತೆಗೆದಿದ್ದೇನೆ, ಹೇಳಿ." ಆ ಉತ್ತರ ಬರುವವರೆಗೆ ಯಾರೂ ತಂತಿ ಮುಟ್ಟಬಾರದು.

ರಾತ್ರಿ ಒಬ್ಬರೇ ಹೋಗುವವರು ಗಂಟೆಗೊಮ್ಮೆ ಮಾತನಾಡುವ ಕರಾರು ಮಾಡಿಕೊಳ್ಳಿ. ಜೋಗಿಮಟ್ಟಿ ಸುತ್ತಿನ ಊರುಗಳಲ್ಲಿ ಕರಡಿ, ಚಿರತೆ ಭಯ ಇರುವುದರಿಂದ ಇದು ಮನೆಯವರಿಗೂ ಸಮಾಧಾನ. ಗೊತ್ತಾದ ಹೊತ್ತಿಗೆ ಮಾತು ಬರದಿದ್ದರೆ ಎಷ್ಟು ನಿಮಿಷ ಕಾಯುವುದು, ಆಮೇಲೆ ಯಾರು ಹೊರಡುವುದು ಎಂಬುದೂ ಮೊದಲೇ ತೀರ್ಮಾನವಾಗಿರಲಿ. ಸೆಟ್ ಕೊಟ್ಟು ಈ ಕರಾರು ಮಾಡಿಕೊಳ್ಳದಿದ್ದರೆ ಬ್ಯಾಟರಿ ಸತ್ತದ್ದಕ್ಕೂ ಮನುಷ್ಯ ಬಿದ್ದದ್ದಕ್ಕೂ ವ್ಯತ್ಯಾಸ ತಿಳಿಯುವುದಿಲ್ಲ.

10. ಬ್ಯಾಟರಿಯ ಆರೈಕೆ

ಚಳ್ಳಕೆರೆಯ ಏಪ್ರಿಲ್ ಬಿಸಿಲಿನಲ್ಲಿ ಸೆಟ್ಟನ್ನು ಜೀಪಿನ ಡ್ಯಾಶ್‌ಬೋರ್ಡ್ ಮೇಲೆ ಬಿಡಬೇಡಿ. ಮೈ ಸುಡುವಷ್ಟು ಕಾದ ಲಿಥಿಯಂ ಬ್ಯಾಟರಿಯನ್ನು ಹಾಗೆಯೇ ಚಾರ್ಜಿಗೆ ಹಾಕಿದರೆ ಅದು ಬೇಗ ಹಾಳಾಗುತ್ತದೆ, ಉಬ್ಬಲೂಬಹುದು. ನೆರಳಿನಲ್ಲಿಟ್ಟು ತಣಿದ ಮೇಲೆ ಹಾಕಿ. ಉಬ್ಬಿದ ಬ್ಯಾಟರಿಯನ್ನು ಒತ್ತಿ ಮತ್ತೆ ಮುಚ್ಚಳ ಹಾಕುವ ಸಾಹಸ ಬೇಡ, ಅದನ್ನು ಬದಲಿಸಲೇಬೇಕು. ಕೆಲಸವಿಲ್ಲದ ತಿಂಗಳುಗಳಲ್ಲಿ ಬ್ಯಾಟರಿಯನ್ನು ಪೂರ್ತಿ ತುಂಬಿಸಿಯೂ ಇಡಬಾರದು, ಪೂರ್ತಿ ಖಾಲಿ ಮಾಡಿಯೂ ಇಡಬಾರದು. ಅರ್ಧ ಚಾರ್ಜ್ ಇರುವಾಗ ಸೆಟ್ ಆಫ್ ಮಾಡಿ, ಎರಡು ಮೂರು ತಿಂಗಳಿಗೊಮ್ಮೆ ತೆಗೆದು ಸ್ವಲ್ಪ ಚಾರ್ಜ್ ಮಾಡಿ. ಪೆನ್ಸಿಲ್ ಸೆಲ್‌ನ ಸೆಟ್ಟಾದರೆ ಸೆಲ್‌ಗಳನ್ನು ಹೊರತೆಗೆದು ಬೇರೆಯಾಗಿಡಿ, ಒಳಗೇ ಬಿಟ್ಟರೆ ಸೋರಿ ಸ್ಪ್ರಿಂಗಿಗೆ ಕಿಲುಬು ಹಿಡಿಯುತ್ತದೆ.